ಸಾಹೇಬರ ಚೀಟಿ ಡಬ್ಬಿ

ಚರ್ಚಿನಲ್ಲಿ ನಂಬರ್ ಚೀಟಿ ಎತ್ತುವ ಹೌಸಿ ಆಟದಲ್ಲಿ ನನ್ನನ್ನು ಸೋಲಿಸಿದವರು ದುಬೈಯಲ್ಲೇ ಇಲ್ಲ, ಗ್ರೇಸಿ. ಅರ್ಧ ಸುಳ್ಳು, ಇರಲಿ. ಚೀಟಿಯ ಮೋಸ ಮಾತ್ರ ನನಗೆ ವಾಸನೆಯಲ್ಲೇ ಗೊತ್ತಾಗ್ತದೆ.

ಹಳೇ ಗ್ರೀಸಿನವರು ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸ್ತಿದ್ರಂತೆ. ನನ್ನ ಮಗಳು ಶೆರಿಲ್ ಅದನ್ನೇ ನೂರು ವರ್ಷ ಓದಿದ್ದು. ಅಬುಧಾಬಿಯ ಅವಳ ಆಫೀಸಿನಿಂದ ಒಬ್ಬರನ್ನು ಗ್ರೀಸಿಗೆ, ಹಳೇ ಊರು ಅಗೆಯಲಿಕ್ಕೆ, ಕಳಿಸ್ಬೇಕಿತ್ತು.

"ನಿಮ್ಮ ಗ್ರೀಕರ ಹಾಗೆ ಚೀಟಿ ಎತ್ತುವ, ಶೆರಿಲ್," ಅಂತ ಅವಳ ಸಾಹೇಬ ನಗಾಡಿದ. ಡಬ್ಬಿಗೆ ಐದು ಹೆಸರಿನ ಚೀಟಿ ಹಾಕಿ ಒಂದು ಎತ್ತಿದ. ಅದೇ ಆಫೀಸಿನಲ್ಲಿದ್ದ ಅವನ ಅಳಿಯನ ಹೆಸರು ಬಂತು. ಆ ಅಳಿಯನಿಗೆ ಗ್ರೀಸ್ ಯಾವ ದಿಕ್ಕು ಅಂತಲೂ ಗೊತ್ತಿಲ್ಲ.

ಮಗಳಿಗೆ ಊಟ ಕೊಡ್ಲಿಕ್ಕೆ ಹೋದ ನಾನು ಅಲ್ಲೇ ಕೂತಿದ್ದೆ. ಗಂಡ ಹೇಳದೆ ಸತ್ತಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಡಬ್ಬಿ ಕಿತ್ಕೊಂಡು ಮೇಜಿನ ಮೇಲೆ ಕವುಚಿದೆ.

"ಖಲಾಸ್, ಆಂಟಿ, ಬಿಡಿ," ಅಂತ ಸಾಹೇಬ ಓಡಿ ಬಂದ.

ಉಳಿದ ನಾಲ್ಕೂ ಚೀಟಿ ಬಿಡಿಸಿದೆ. ನಾಲ್ಕರಲ್ಲೂ ಒಂದೇ ಹೆಸರು. ಯಾರದ್ದು, ನೀನೇ ಹೇಳು.