ಗಾಡಿ ಮೇಸ್ತ್ರಿ ಕಿವಿ ತೋರಿಸಿಕೊಂಡ ಕಥೆ

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಟಿವಿ ಸೌಂಡು ಪಕ್ಕದ ಮನೆಗೂ ಕೇಳುವಷ್ಟು ಜೋರು. ಮಾತಾಡಿಸಿದರೆ “ಹಾಂ?” ಎನ್ನುತ್ತಾರೆ. ಎರಡನೇ ಸಲಕ್ಕೂ “ಹಾಂ?” ಮೂರನೇ ಸಲ ದನಿ ಏರಿಸಿದರೆ, “ಯಾಕೆ ಕಿರುಚ್ತೀಯಾ, ನಾನೇನು ಕಿವುಡನಾ?” ಎಂದು ನಮ್ಮ ಮೇಲೇ ಹರಿಹಾಯುತ್ತಾರೆ.

ನಮ್ಮ ಬೀದಿಯ ಸ್ಕೂಟರ್ ರಿಪೇರಿ ಮೇಸ್ತ್ರಿಯೂ ಹೀಗೇ ಇದ್ದರು. ಸುತ್ತಿಗೆ, ಕಂಪ್ರೆಸರ್, ಸೈಲೆನ್ಸರ್ ಬಿಚ್ಚಿದ ಇಂಜಿನ್ನುಗಳ ಮಧ್ಯೆ ಮೂವತ್ತೈದು ವರ್ಷ ದುಡಿದವರು. ಕೆಲಸದಲ್ಲಿ ಎತ್ತಿದ ಕೈ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಅವರು ಪಿಸ್ಟನ್ ಎಂದರೆ ಪಿಸ್ಟನ್ನೇ. ಅದಕ್ಕೇ ಅವರಿಗೆ ತಮ್ಮ ಕಿವಿಯ ಮೇಲೆ ಎಲ್ಲಿಲ್ಲದ ಭರವಸೆ. ಅವರ ಕೈಕೆಳಗೇ ಕೆಲಸ ಕಲಿತು ಅಂಗಡಿಯ ಅರ್ಧ ಭಾರ ಹೊತ್ತಿದ್ದ ಮಗಳು ಮಾತ್ರ ಎರಡು ವರ್ಷದಿಂದ ಬೆನ್ನು ಬಿದ್ದಿದ್ದಳು.

“ಅಪ್ಪಾ, ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ.”

“ಇಂಜಿನ್ ಹೊಟ್ಟೆಯೊಳಗಿನ ಶಬ್ದ ಕೇಳೋನಿಗೆ ನಿನ್ ಮಾತು ಕೇಳಲ್ವಾ? ನೀನು ಬಾಯೊಳಗೇ ಮಾತಾಡ್ತೀಯ, ಅಷ್ಟೇ.”

ಒಂದು ದಿನ ಮಗಳು ಬಿಡಿಭಾಗ ತರಲು ಹೋಗಿದ್ದಾಗ ಶಾಲೆಯ ಟೀಚರ್ ಸ್ಕೂಟರ್ ತಂದರು. ಮುಂದಿನ ಚಕ್ರದಲ್ಲಿ ಸಣ್ಣಗೆ ಕೀರಲು ಶಬ್ದ ಬರುತ್ತಿದೆ ಎಂದರು. ಮೇಸ್ತ್ರಿ ಗಾಡಿ ಹತ್ತಿ ಬೀದಿಯ ತುದಿವರೆಗೆ ಹೋಗಿ ಬಂದರು.

“ಶಬ್ದಾನೂ ಇಲ್ಲ, ಏನೂ ಇಲ್ಲ ಟೀಚರ್. ನಿಮಗೆ ಹಾಗನ್ಸುತ್ತೆ. ಧೈರ್ಯವಾಗಿ ಓಡಿಸಿ.”

ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು. ಟೀಚರ್ ಧೈರ್ಯವಾಗಿಯೇ ಓಡಿಸಿದರು. ಮೂರನೇ ದಿನ ತಿರುವಿನಲ್ಲಿ ಅದೇ ಚಕ್ರದ ಬೇರಿಂಗ್ ಒಡೆದು, ಚಕ್ರ ಅಲ್ಲಾಡಿ, ಬಿದ್ದರು. ಬಲಗೈ ಮುರಿಯಿತು.

ಯಾರೋ ಆ ಗಾಡಿಯನ್ನು ಅಂಗಡಿಗೆ ತಳ್ಳಿಕೊಂಡು ಬಂದರು. “ಬೇರಿಂಗ್ ಹೋಗಿದ್ರೆ ನನಗೆ ಕೇಳ್ತಿರ್ಲಿಲ್ವಾ?” ಎಂದು ಮೇಸ್ತ್ರಿ ವಾದಕ್ಕಿಳಿದರು. ಮಗಳು ಚಕ್ರ ಎತ್ತಿ ಕೈಯಿಂದ ತಿರುಗಿಸಿದಳು. ರಸ್ತೆಯಲ್ಲಿ ಹೋಗುತ್ತಿದ್ದವರು ಕಿವಿ ಮುಚ್ಚಿಕೊಂಡು ಇತ್ತ ನೋಡಿದರು. ಮೇಸ್ತ್ರಿಗೆ ಆ ಕಿರ್ರೆನ್ನುವ ಸದ್ದು ಕೇಳಲೇ ಇಲ್ಲ. ಅವರು ಜನರ ಮುಖ ನೋಡಿದರು, ಆಮೇಲೆ ಚಕ್ರ ನೋಡಿದರು.

“ಇವತ್ತಿಂದ ಟ್ರಯಲ್ ನಾನೇ ನೋಡ್ತೀನಿ ಅಪ್ಪಾ. ನೀವು ಕಿವಿ ತೋರಿಸ್ಕೊಳ್ಳೋವರೆಗೂ, ನೀವು ಸರಿ ಇದೆ ಅಂದ ಗಾಡಿ ಈ ಅಂಗಡಿ ದಾಟಲ್ಲ.”

ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಿ ‘ಸರಿ ಇದೆ’ ಎನ್ನುವುದು ಮೇಸ್ತ್ರಿಯ ಹಕ್ಕು. ಅದು ಹೋದರೆ ಅವರು ಬರೀ ನಟ್ಟು ಬಿಗಿಯುವವರು. ಎರಡು ದಿನ ಮುಖ ಊದಿಸಿಕೊಂಡು ಸ್ಟೂಲಿನ ಮೇಲೆ ಕೂತರು. ಮೂರನೇ ದಿನ ಎದ್ದು ಕೈ ತೊಳೆದುಕೊಂಡರು.

“ನಡಿ. ಎಲ್ಲಿಗೆ ಬರ್ಬೇಕು ಹೇಳು.”

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಿವಿಯೊಳಗಿನ ಗುಗ್ಗೆ ತೆಗೆದರು. ಆಮೇಲೆ, ಕಿವಿ ಪರೀಕ್ಷಿಸುವ ಮೇಡಂ ಒಬ್ಬರು ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಶಬ್ದ ಕೇಳಿಸಿ ಪರೀಕ್ಷೆ ಮಾಡಿದರು. ಮುಗಿದ ಮೇಲೆ ಅವರೇ ಎದುರಿಗೆ ಕೂತು ನಿಧಾನವಾಗಿ ವಿವರಿಸಿದರು.

“ದಪ್ಪ ಶಬ್ದ ನಿಮಗೆ ಚೆನ್ನಾಗೇ ಕೇಳುತ್ತೆ. ಅದಕ್ಕೇ ಇಂಜಿನ್ ಬಡಿತ ಗೊತ್ತಾಗುತ್ತೆ. ತೆಳು ಶಬ್ದ ಹೋಗಿದೆ. ಬೇರಿಂಗ್ ಕೀರಲು ಗೊತ್ತಾಗಲ್ಲ. ಮಗಳ ಮಾತೂ ಅಷ್ಟೇ, ಏನೋ ಹೇಳಿದ್ದು ಗೊತ್ತಾಗುತ್ತೆ, ಏನು ಹೇಳಿದ್ದು ಅಂತ ಬಿಡಿಸಿ ತಿಳಿಯಲ್ಲ.”

“ಮಾತ್ರೆ ಏನಾದ್ರೂ ಕೊಡಿ.”

“ವರ್ಷಗಟ್ಟಲೆ ಜೋರು ಶಬ್ದ ಕೇಳಿ ಹೋಗಿದ್ದು ಮಾತ್ರೆಗೆ ವಾಪಸ್ ಬರಲ್ಲ ಯಜಮಾನ್ರೇ. ಉಳಿದಿದ್ದನ್ನ ಕಾಪಾಡ್ಕೊಳ್ಳಿ. ಎರಡು ಕಿವಿಗೂ ಯಂತ್ರ ಹಾಕ್ಕೊಂಡು ಚೆನ್ನಾಗಿರಿ.”

ಯಂತ್ರ ಬಂತು. ಕಥೆ ಮುಗಿಯಿತು ಎಂದುಕೊಂಡಿರಾ? ಅಸಲು ಪಜೀತಿ ಶುರುವಾದದ್ದೇ ಆಗ. ಮೇಡಂ ಮೊದಲು ಮನೆಯಲ್ಲಿ ಸ್ವಲ್ಪ ಹೊತ್ತು ಹಾಕಿ ಎಂದಿದ್ದರು. ನಮ್ಮ ಮೇಸ್ತ್ರಿ ನೇರ ಅಂಗಡಿಗೇ ಹಾಕಿಕೊಂಡು ಹೋದರು. ಪ್ಲಾಸ್ಟಿಕ್ ಚೀಲದ ಸರಸರ, ಹಾರ್ನು, ಸ್ಪ್ಯಾನರ್ ಬಿದ್ದ ಸದ್ದು, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ‘ರೇಸ್ ಜಾಸ್ತಿಯಾಗಿದೆ, ನಾನೇ ಸೆಟ್ ಮಾಡ್ತೀನಿ’ ಎಂದು ಗಡಿಯಾರದ ಸ್ಕ್ರೂಡ್ರೈವರ್ ತಗೊಂಡು ಯಂತ್ರವನ್ನು ಬಿಚ್ಚಿಯೇಬಿಟ್ಟರು. ಕೂದಲಿನಂಥ ತಂತಿಯೊಂದು ಕಿತ್ತು ಕೈಗೆ ಬಂತು.

ಮಗಳು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೇಡಂ ಬಿಚ್ಚಿದ ಯಂತ್ರವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು.

“ಯಜಮಾನ್ರೇ, ಯಾರಾದ್ರೂ ಮನೇಲೇ ಕಾರ್ಬುರೇಟರ್ ಬಿಚ್ಚಿ, ಡಬ್ಬಿಗೆ ಹಾಕಿ ನಿಮ್ಮ ಅಂಗಡಿಗೆ ತಂದ್ರೆ ಏನು ಮಾಡ್ತೀರಿ?”

“ಮೊದಲು ಚೆನ್ನಾಗಿ ಬೈತೀನಿ.”

“ನಾನೂ ಶುರು ಮಾಡ್ಲಾ?”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಸ್ತ್ರಿ ನೆಲ ನೋಡಿದರು.

“ಹೊಸ ಇಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರ್ ಏನು ಮಾಡ್ತೀರಿ?” ಎಂದು ಮೇಡಂ ಮತ್ತೆ ಕೇಳಿದರು.

“ಆಕ್ಸಿಲರೇಟರ್ ಹಿಂಡಲ್ಲ. ನಿಧಾನವಾಗಿ ಪಳಗಿಸ್ತೀವಿ.”

“ಇಲ್ಲಿ ಪಳಗಬೇಕಾದ್ದು ನಿಮ್ಮ ತಲೆ. ಎಷ್ಟೋ ವರ್ಷದಿಂದ ಕೇಳದ ಶಬ್ದ ಅದು. ವಾರಗಟ್ಟಲೆ ಬೇಕು. ಜೋರು ಅನ್ಸಿದ್ರೆ ನನ್ ಹತ್ರ ಬನ್ನಿ, ನಾನು ಸೆಟ್ ಮಾಡ್ತೀನಿ. ನೀವು ಬಿಚ್ಚಬೇಡಿ.”

ಈ ಭಾಷೆ ಮೇಸ್ತ್ರಿಗೆ ಅರ್ಥವಾಯಿತು. ರಿಪೇರಿಯಾಗಿ ಬಂದ ಯಂತ್ರವನ್ನು ಪಟ್ಟು ಹಿಡಿದು ಹಾಕಿದರು. ಮೊದಲ ವಾರ ಮನೆಯ ಒಳಕೋಣೆಯಲ್ಲಿ, ದಿನಕ್ಕೆ ಎರಡು ಗಂಟೆ. ಪೇಪರನ್ನು ತಾವೇ ಗಟ್ಟಿಯಾಗಿ ಓದಿ ತಮ್ಮ ದನಿಗೆ ಒಗ್ಗಿಕೊಂಡರು. ಆಮೇಲೆ ಮಗಳ ಜೊತೆ ಮಾತು, ಆಮೇಲೆ ಬೀದಿ, ಕೊನೆಗೆ ಅಂಗಡಿ. ನಡುವೆ ಎರಡು ಸಲ ‘ಇದು ನನ್ನಿಂದಾಗಲ್ಲ’ ಎಂದು ಕಿತ್ತಿಟ್ಟರು. ಮರುದಿನ ತಾವೇ ಹುಡುಕಿ ಹಾಕಿಕೊಂಡರು. ಮಲಗುವಾಗ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿಡುತ್ತಾರೆ. ಸ್ನಾನಕ್ಕೆ ಮುಂಚೆ ತೆಗೆಯುತ್ತಾರೆ. ಸುತ್ತಿಗೆ, ಕಂಪ್ರೆಸರ್ ಕೆಲಸವಿದ್ದರೆ ಯಂತ್ರ ತೆಗೆದಿಟ್ಟು, ಶಬ್ದ ತಡೆಯುವ ಕಿವಿಮುಚ್ಚುಗ ಹಾಕುತ್ತಾರೆ. ಮಗಳೂ ಹಾಕುತ್ತಾಳೆ. ಅವಳ ಕಿವಿಯಾದರೂ ಉಳಿಯಲಿ ಎಂದು ಮೇಸ್ತ್ರಿ ಹಟ ಹಿಡಿದು ಹಾಕಿಸಿದ್ದು ಅದು.

ಗೋಡೆಯ ಮೇಲೆ ತಮ್ಮ ಕೈಯಾರೆ ಬಣ್ಣದಲ್ಲಿ ಬರೆದರು: ‘ನನಗೆ ಕಿವಿ ಮಂದ. ಎದುರಿಗೆ ನಿಂತು ನಿಧಾನವಾಗಿ ಹೇಳಿ. ಕಿರುಚಬೇಡಿ.’

ಮುರಿದ ಕೈಯ ಪಟ್ಟಿ ಬಿಚ್ಚಿದ ಮೇಲೆ ಟೀಚರ್ ಅಂಗಡಿಗೆ ಬಂದರು. ಮೇಸ್ತ್ರಿ ಎದ್ದು ನಿಂತರು.

“ಟೀಚರ್, ಅವತ್ತು ಶಬ್ದ ಇತ್ತು. ನನಗೆ ಕೇಳಲಿಲ್ಲ. ಕಿವಿ ಕೇಳಲ್ಲ ಅಂತ ಒಪ್ಕೊಳ್ಳೋಕೆ ನಾಚಿಕೆ ಆಗಿತ್ತು. ನಿಮ್ಮ ಕೈ ಮುರಿದಿದ್ದು ಆ ನಾಚಿಕೆ.”

ಟೀಚರ್ ತಮ್ಮ ಬಲಗೈ ಸವರಿಕೊಂಡರು. ಅವರಿಗೆ ಕೋಪ ಇರಲಿಲ್ಲವೆಂದಲ್ಲ.

“ಈಗ ಕೇಳುತ್ತಾ?”

“ಮೊದಲಿಗಿಂತ ಎಷ್ಟೋ ವಾಸಿ. ಎಲ್ಲಾ ಕೇಳುತ್ತೆ ಅಂತ ಸುಳ್ಳು ಹೇಳಲ್ಲ. ನಾನು ಟ್ರಯಲ್ ನೋಡಿದ್ಮೇಲೆ ಮಗಳೂ ಒಂದ್ಸಲ ನೋಡ್ತಾಳೆ. ಇಬ್ರೂ ಸರಿ ಅಂದ್ರೇನೇ ಗಾಡಿ ಹೊರಗೆ.”

ಟೀಚರ್ ಗಾಡಿಯ ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟರು. “ನಮ್ಮಮ್ಮನ ಯಂತ್ರ ಒಂದು ವರ್ಷದಿಂದ ಬೀರುವಿನಲ್ಲಿದೆ. ನನ್ ಮಾತು ಅವ್ರು ಕೇಳಲ್ಲ. ನೀವೊಂದು ಮಾತು ಹೇಳ್ತೀರಾ?”

“ನಾಳೆ ಬೆಳಿಗ್ಗೆ ನಾನೇ ಮನೆಗೆ ಬರ್ತೀನಿ,” ಎಂದರು ಮೇಸ್ತ್ರಿ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಾತು ಬಿಡಿಸಿ ಕೇಳದಿದ್ದರೆ ಇಂದೇ ಹತ್ತಿರದ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ. ಯಂತ್ರ ಕೊಟ್ಟರೆ ಹಾಕಿ. ಮೊದಲ ವಾರವೇ ಕೈಬಿಡಬೇಡಿ. ಮನೆಯವರೇ, ಹಿಂದಿನಿಂದ ಕೂಗಬೇಡಿ, ಎದುರಿಗೆ ಬಂದು ಮಾತಾಡಿ, ಆಡಿಕೊಂಡು ನಗಬೇಡಿ. ಕಿವಿ ಮಂದವಾಗುವುದು ತಪ್ಪಲ್ಲ. ಅದನ್ನು ಮುಚ್ಚಿಟ್ಟರೆ ಪೆಟ್ಟು ಯಾರಿಗೆ ಬೀಳುತ್ತದೋ ಹೇಳಲಾಗದು.