ತೋಳಿನ ಮೇಲಿನ ಬಿಲ್ಲೆ

ನಮ್ಮ ಯಜಮಾನರಾದ ಮರುಳಸಿದ್ದಯ್ಯನವರ ತೋಳಿಗೆ ಮಗಳು ಜೀವಿತಾ ಒಂದು ಬಿಳಿ ಬಿಲ್ಲೆ ಅಂಟಿಸಿ ಹೋದಂದಿನಿಂದ ನನ್ನ ಅಡುಗೆಮನೆಗೆ ಶನಿ ವಕ್ಕರಿಸಿತು. ಅವಳು ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ಬಿಲ್ಲೆ ಮೈಯೊಳಗಿನ ಸಕ್ಕರೆಯನ್ನು ಹಗಲೂ ರಾತ್ರಿ ಅಳೆದು ಫೋನಿನಲ್ಲಿ ಗೆರೆ ಎಳೆಯುತ್ತದೆ. ನಮ್ಮೂರು ಹಾಲ್ಕುರಿಕೆಯಲ್ಲಿ ಇವರು ಉಂಡರೆ ತುಮಕೂರಿನಲ್ಲಿ ಅವಳ ಫೋನಿನ ಗೆರೆ ಏಳುತ್ತದೆ. ಒಂದೊಂದೇ ಪದಾರ್ಥ ಬಿಟ್ಟು, ಯಾವುದರಿಂದ ಸಕ್ಕರೆ ಏರುತ್ತದೆಂದು ಕಂಡುಹಿಡಿಯಬೇಕು. ಪ್ರಯೋಗ ಅವರದು, ಪಥ್ಯ ಬೇಯಿಸುವ ಕರ್ಮ ನನ್ನದು.

ಹಾಗಂತ ನಗುವ ವಿಷಯವೇನಲ್ಲ. ಇದೇ ಸಕ್ಕರೆ ಕಾಯಿಲೆಯಿಂದ ಇವರಣ್ಣನ ಕಾಲು ತೆಗೆದರು. ಆಮೇಲೆ ಅವರು ತಮ್ಮ ತೋಟವನ್ನು ಜಗಲಿಯ ಮೇಲೆ ಕೂತೇ ನೋಡಿದರು, ಸಾಯುವವರೆಗೂ. ಅದಕ್ಕೇ ಮಗಳು ಹೇಳಿದ್ದಕ್ಕೆಲ್ಲ ಹೂಂ ಅಂದೆ.

ಅನ್ನ ಹೋಯಿತು. ಕಾಫಿಯ ಸಕ್ಕರೆ ಹೋಯಿತು. ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿಯಿತು. ಹಗಲೆಲ್ಲ ಗೆರೆ ತೆಪ್ಪಗಿರುತ್ತಿತ್ತು. ಸಂಜೆಯಾಯಿತೋ, ಕಾಯಿ ಕೀಳುವವನು ಮರ ಹತ್ತಿದಂತೆ ಸರಸರ ಮೇಲೇರುತ್ತಿತ್ತು.

"ಅಮ್ಮಾ, ಸಾಯಂಕಾಲ ಅಪ್ಪಂಗೆ ಏನ್ ಕೊಡ್ತಿದ್ದೀಯ?" ಜೀವಿತಾ ಫೋನಿನಲ್ಲಿ ಪೊಲೀಸಿನವಳ ಧಾಟಿಯಲ್ಲಿ ಕೇಳಿದಳು.

"ಏನೂ ಇಲ್ಲ ಕಣೇ. ನಾನು ಹಾಲು ಕರ್ಕೊಂಡು ಡೈರಿಗೆ ಹೋಗ್ತೀನಿ. ಅವರು ಶ್ರಾವಣದ ಪೂಜೆಗೆ ಅಂತ ಮಠಕ್ಕೆ ಹೋಗ್ತಾರೆ. ಬಂದ್ಮೇಲೇ ಊಟ."

"ಹಂಗಾದ್ರೆ ಸುಮ್‌ಸುಮ್ನೆ ಏರ್ತದಾ? ನೀನೇ ಪಾಪ ಅಂತ ಏನೋ ತಿನ್ನಿಸ್ತಿದ್ದೀಯ ಬುಡು."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನನ್ನನ್ನು ಕಳ್ಳಿ ಮಾಡಿದಳು. ಯಜಮಾನರನ್ನೇ ನೇರವಾಗಿ ಕೇಳಿದೆ. ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು, "ಶಿವನಾಣೆ, ಮಧ್ಯಾಹ್ನ ಉಂಡ್ಮೇಲೆ ಒಂದು ಕಡ್ಲೆಕಾಳೂ ಬಾಯಿಗೆ ಹಾಕಿಲ್ಲ ಕಣೇ" ಎಂದರು. ಅವರು ಲಿಂಗ ಮುಟ್ಟಿ ಸುಳ್ಳು ಹೇಳುವವರಲ್ಲ. ಸುಳ್ಳು ಹೇಳುವಾಗ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲೇ ಅದನ್ನು ಪತ್ತೆ ಮಾಡಿದ್ದೇನೆ.

ಕೊನೆಗೆ ಯಾವುದೋ ವಿಡಿಯೋ ನೋಡಿ ಅವರೇ ತೀರ್ಪು ಕೊಟ್ಟರು. "ತಪ್ಪೆಲ್ಲ ತೆಂಗಿನಕಾಯಿದು. ನಾಳೆಯಿಂದ ಅಡ್ಗೆಗೆ ಕಾಯಿ ಬ್ಯಾಡ."

ತಿಪಟೂರು ಸೀಮೆಯಲ್ಲಿ ಕಾಯಿಲ್ಲದ ಸಾರು! ಅಟ್ಟದ ತುಂಬ ಕಾಯಿಗಳು ಒಣಗಿ, ಒಳಗೆ ಕೊಬ್ಬರಿ ಲೊಟಲೊಟ ಅಲ್ಲಾಡುತ್ತಿದೆ. ಕೆಳಗೆ ನಾನು ಬರೀ ಬೇಳೆ ನೀರಿಗೆ ಒಗ್ಗರಣೆ ಹಾಕಿ ಬಡಿಸುತ್ತಿದ್ದೇನೆ. ಅದನ್ನು ನಮ್ಮ ನಾಯಿಯೂ ಮೂಸಿ ನೋಡಿ ಎದ್ದು ಹೋಯಿತು. ಆದರೂ ಸಂಜೆಯ ಗೆರೆ ಮಾತ್ರ ಮರ ಹತ್ತುವುದನ್ನು ಬಿಡಲಿಲ್ಲ.

ಸೋಮವಾರ ಹಾಲಿನ ಕ್ಯಾನನ್ನು ಪಕ್ಕದ ಮನೆಯ ಸುವರ್ಣಮ್ಮನ ಕೈಗೆ ಕೊಟ್ಟು, ಯಜಮಾನರ ಹಿಂದೆಯೇ ಮಠಕ್ಕೆ ಹೋದೆ. ಪೂಜೆ ಮುಗಿಯಿತು. ಜನವೆಲ್ಲ ದಾಸೋಹಕ್ಕೆ ಕೂತಿತು. ನಮ್ಮವರು ಮೊದಲ ಪಂಕ್ತಿಯಲ್ಲಿ, ಬಿಲ್ಲೆ ಸಮೇತ. ಬಡಿಸುವ ಏಕಾಂತಯ್ಯ ಬಕೆಟ್ ಹಿಡಿದು ಬಂದ. ಬೆಲ್ಲದ ಗೋಧಿ ಹುಗ್ಗಿ, ಮೇಲೆ ತುಪ್ಪ. ಒಂದು ಸೌಟು ಬಿತ್ತು, ಹಿಂದೆಯೇ ಇನ್ನೊಂದು. ನಮ್ಮವರು ಅಗುಳೂ ಬಿಡದೆ ಬೆರಳಿನಿಂದ ತಟ್ಟೆ ಬಳಿದರು. ಮಠದಲ್ಲಿ ಪ್ರಸಾದವಿರುತ್ತದೆಂದು ನನಗೂ ಗೊತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಕೊಡುತ್ತಾರೆ ಅಂದುಕೊಂಡಿದ್ದೆ.

"ಏನ್ರೀ ಇದು?" ಎಂದೆ, ಪಕ್ಕದಲ್ಲಿ ಹೋಗಿ ಕೂತು.

"ಪ್ರಸಾದ ಕಣೇ."

"ಬಾಯಿಗೆ ಏನೂ ಹಾಕಿಲ್ಲ ಅಂದ್ರಿ?"

"ಪ್ರಸಾದನ ಯಾರಾದ್ರೂ ಊಟದ ಲೆಕ್ಕಕ್ಕೆ ಸೇರಿಸ್ತಾರಾ? ಪ್ರಸಾದ ಉಂಡು ಕೆಟ್ಟೋರುಂಟಾ?"

ಅವರ ಕೈ ನೋಡಿದೆ. ಹುಗ್ಗಿ ಮೆತ್ತಿಕೊಂಡು ಎಲ್ಲರಿಗೂ ಕಾಣುವಂತೆಯೇ ಇತ್ತು. ಪುಣ್ಯಾತ್ಮರು ಸತ್ಯವನ್ನೇ ಹೇಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹುಗ್ಗಿ ಮಾಡಿದ ತಪ್ಪಿಗೆ ನನ್ನ ತೆಂಗಿನಕಾಯಿ ವನವಾಸ ಅನುಭವಿಸಿತ್ತು.

"ನಿಮ್ಮ ಬಿಲ್ಲೆಗೆ ಇನ್ನೂ ದೀಕ್ಷೆ ಆಗಿಲ್ಲ ಕಣ್ರೀ. ಅದಕ್ಕೆ ಪ್ರಸಾದನೂ ಬೆಲ್ಲನೇ" ಎಂದೆ.

ಅಷ್ಟರಲ್ಲಿ ಏಕಾಂತಯ್ಯ ಮತ್ತೊಂದು ಸೌಟು ಎತ್ತಿದ. ನಾನು ತಟ್ಟೆಗೆ ಅಡ್ಡ ಕೈ ಹಿಡಿದೆ. ಪಂಕ್ತಿಯೆಲ್ಲ ನಮ್ಮ ಕಡೆ ತಿರುಗಿತು.

"ಪ್ರಸಾದ ಬ್ಯಾಡ ಅನ್ನಬಾರ್ದು ಕಣವ್ವ" ಎಂದ ಅವನು.

"ಬ್ಯಾಡ ಅಂದೋರ್ಯಾರು? ಮಜ್ಜಿಗೆನೂ ಪ್ರಸಾದ ತಾನೇ? ಅದನ್ನ ಬಡ್ಸಪ್ಪ."

"ಮಾನ ಕಳೀಬ್ಯಾಡ ಕಣೇ" ಎಂದು ಯಜಮಾನರು ಪಿಸುಗುಟ್ಟಿದರು. "ಬಂದ ಹುಗ್ಗಿ ತಳ್ಳಿದ್ರೆ ಪಾಪ."

ಜಗಲಿಯ ಮೇಲೆ ಕೂತಿದ್ದ ಅವರಣ್ಣ ಕಣ್ಣ ಮುಂದೆ ಬಂದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿದವು.

"ಪಾಪ ನನಗಿರ್ಲಿ ಕಣ್ರೀ. ಕಾಲು ನಿಮಗಿರ್ಲಿ."

ಅವರು ಹುಗ್ಗಿಯ ಬಕೆಟ್ ನೋಡಿದರು. ನನ್ನ ಮುಖ ನೋಡಿದರು. ಮಡಿಸಿ ಕೂತಿದ್ದ ಕಾಲನ್ನು ಪಂಚೆಯ ಮೇಲಿಂದಲೇ ಎಡಗೈಯಲ್ಲಿ ಒಮ್ಮೆ ಸವರಿಕೊಂಡರು.

"ಮಜ್ಜಿಗೆ ಬುಡು ಏಕಾಂತಯ್ಯ" ಎಂದರು.

ಮನೆಗೆ ನಡೆದೇ ಬಂದೆವು. ಅವರು ಮುಂದೆ ಸರಸರ ನಡೆದರು. ನಾನು ಬೇಕೆಂದೇ ಹಿಂದೆ ಉಳಿದು ಆ ಎರಡು ಕಾಲುಗಳನ್ನೇ ನೋಡುತ್ತಾ ಬಂದೆ. ಹಟ್ಟಿಯ ಬಾಗಿಲಿಗೆ ಬಂದಾಗ ತಿರುಗಿ ನಿಂತು, "ರಾತ್ರಿಗೆ ಕಾಯಿ ಚಟ್ನಿ ಅರೀತೀಯಾ?" ಎಂದು ಮೆಲ್ಲಗೆ ಕೇಳಿದರು.

"ಕಾಯಿ ನೀವೇ ಸುಲ್ಕೊಡಿ, ಅರೀತೀನಿ" ಎಂದೆ.