ಅಕ್ಕನ್ನ ಕೇಳು

ಲೋಟದ ತಳದಲ್ಲಿ ಹಾಲಿನ ಬಿಳಿ ಉಂಗುರ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ನನ್ನ ಕೈ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಮಗಳು ನಾಕುವಿನ ಕೈಯಾದರೆ ಇಳಿಯುತ್ತದೆ, ಲೋಟ ತೊಳೆಯುವುದು ಅವಳ ಪಾಲಿನ ಕೆಲಸ, ಆದರೆ ಇವತ್ತು ಅವಳನ್ನು ಕರೆಯುವ ಮುಖ ನನಗಿಲ್ಲ — ಹಜಾರದಲ್ಲಿ ಮತ್ತೆ ನಗು, ಆಟ ಮುಂದುವರಿದಿದೆ, ರಜೆಗೆ ಬಂದಿರುವ ಅತ್ತಿಗೆಯ ಮಗ ಯಾವುದೋ ಪ್ರಾಣಿಯ ಹಾಗೆ ಕೂಗುತ್ತಿದ್ದಾನೆ, ಏನೂ ಆಗಿಯೇ ಇಲ್ಲವೆಂಬಂತೆ, ಆಗಿದ್ದು ನನಗೊಬ್ಬಳಿಗೆ, ಅಲ್ಲ, ನನಗೂ ಅವಳಿಗೂ. ಬಿಸಿನೀರಿನ ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೇನೆ, ಸುಡಲಿ ಕೈ. ವರ್ಷದ ಕೊನೆಯ ರಜೆ ಅಂದರೆ ನಮಗೆ ಇಷ್ಟೇ, ಬೇರೆಯವರ ಮಕ್ಕಳಿಗೆ ರಜೆ ಬಂದರೆ ನಮ್ಮ ಮನೆಯಲ್ಲಿ ಪಾತ್ರೆ ಹೆಚ್ಚುತ್ತದೆ, ಗಂಡನಿಗೆ ಬಸ್ಸಿನ ಡ್ಯೂಟಿ ಹೆಚ್ಚುತ್ತದೆ, ಊರೂರಿನ ಜನರನ್ನು ಅವರವರ ಮನೆಗೆ ಮುಟ್ಟಿಸಿ ತಾನು ಮಾತ್ರ ಮನೆಯಲ್ಲಿರುವುದಿಲ್ಲ. ನನ್ನ ಮಕ್ಕಳಿಗೆ ರಜೆಯೆಂಬುದೇ ಇಲ್ಲ, ಶಾಲೆ ಇದ್ದರೆ ತಾನೇ ರಜೆ, ಏಳು ಮಕ್ಕಳಲ್ಲಿ ಒಂದೂ ಶಾಲೆಯ ಮೆಟ್ಟಿಲು ಹತ್ತಿಲ್ಲ, ಊಟದ ಮೇಜೇ ತರಗತಿ, ಬ್ರೆಡ್ಡು ಕೊಯ್ಯುವಾಗ ಭಿನ್ನರಾಶಿ, ಅದೇ ಬ್ರೆಡ್ಡಿಗೆ ಬೂಷ್ಟು ಹಿಡಿದರೆ ವಿಜ್ಞಾನ, ಫ್ರಿಜ್ಜಿನ ಬಾಗಿಲ ಮೇಲೆ ಭೂಪಟ, ಸಮುದ್ರಕ್ಕೆ ಎಣ್ಣೆ ಕೈ ತಾಗಿ ತಾಗಿ ನೀಲಿ ಹೋಗಿ ಹಳದಿಯಾಗಿದೆ, ಎಷ್ಟು ಹೆಮ್ಮೆ ನನಗೆ ಆ ಕೊಳಕು ಸಮುದ್ರದ ಮೇಲೆ, ಬಂದವರಿಗೆಲ್ಲ ತೋರಿಸುತ್ತಿದ್ದೆ, ನೋಡಿ ಇಲ್ಲಿ, ಮಕ್ಕಳು ಮುಟ್ಟಿ ಮುಟ್ಟಿ ಕಲೀತಾರೆ.

ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ — ಹೋದ ತಿಂಗಳಷ್ಟೇ ಲೈಬ್ರರಿಯ ಸಭಾಂಗಣದಲ್ಲಿ ಇಪ್ಪತ್ತು ಜನ ತಾಯಂದಿರ ಮುಂದೆ ನಿಂತು, ಮಕ್ಕಳಿಗೆ ಓದೋಕೆ ಯಾರೂ ಕಲಿಸ್ಬೇಕಾಗಿಲ್ಲ, ಮನೇಲಿ ಒಬ್ರು ಓದಿದ್ರೆ ಸಾಕು, ನೆಗಡಿ ತರ ಅಂಟ್ಕೊಳ್ಳತ್ತೆ, ಎಂದಿದ್ದೆ, ಅವರೆಲ್ಲ ನಕ್ಕಿದ್ದರು, ಒಬ್ಬಾಕೆ ಬರೆದುಕೊಂಡಳು, ಪಾಪ, ಅವಳ ಮನೆಯಲ್ಲಿ ಯಾವ ಮಗು ಕೂತಿದೆಯೋ. ನಾಕು ಅಲ್ಲೇ ಮುಂದಿನ ಸಾಲಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು, ನಾನು ಬೊಟ್ಟು ಮಾಡಿ ತೋರಿಸಿದೆ, ಇವಳು ನನ್ನ ನಾಲ್ಕನೇದು, ಒಂಬತ್ತು ವರ್ಷ, ಪುಸ್ತಕ ಕಂಡ್ರೆ ಪ್ರಾಣ ಬಿಡ್ತಾಳೆ. ಅವಳು ತಲೆ ಎತ್ತಲಿಲ್ಲ. ಓದಿನಲ್ಲಿ ಮುಳುಗಿದ್ದಾಳೆ ಎಂದುಕೊಂಡೆ, ದೇವರೇ, ಅಷ್ಟು ಹೊತ್ತು ಆ ಹಾಳೆಯಲ್ಲಿ ಏನನ್ನು ನೋಡುತ್ತ ಕೂತಿದ್ದಳು, ಇರುವೆ ಸಾಲು ಹೋದ ಹಾಗೆ ಕಪ್ಪು ಕಪ್ಪು, ಅದನ್ನೇ ನೋಡುತ್ತ, ಯಾವಾಗ ಪುಟ ತಿರುಗಿಸಬೇಕೆಂದು ಲೆಕ್ಕ ಹಾಕುತ್ತ.

ಚೀಟಿ ಬರೆದವಳೂ ನಾನೇ. ಮಕ್ಕಳು ಮನೆಯೊಳಗೆ ಕೂತು ಕೂತು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದರು, ಹೊರಗೆ ಚಳಿ, ಸರಿ, ಒಂದು ಆಟ ಆಡಿಸೋಣವೆಂದು ಟೋಪಿಯಲ್ಲಿ ಚೀಟಿ ಹಾಕಿ ಇಟ್ಟೆ, ಒಬ್ಬೊಬ್ಬರೇ ಎತ್ತಿ ಓದಿಕೊಂಡು ಮಾತಿಲ್ಲದೆ ಅಭಿನಯ ಮಾಡಬೇಕು, ಉಳಿದವರು ಹೇಳಬೇಕು. ನಾಕು ಎತ್ತಿದಳು, ಚೀಟಿ ಬಿಡಿಸಿ ನೋಡಿದಳು, ಕಣ್ಣನ್ನು ಎಡದಿಂದ ಬಲಕ್ಕೆ ಚೆನ್ನಾಗಿ ಓಡಿಸಿದಳು, ಅದನ್ನೂ ಕಲಿತಿದ್ದಾಳೆ, ಆಮೇಲೆ ಕೂತು ರೆಕ್ಕೆ ಬಡಿದು ಕೋಳಿ ಮೊಟ್ಟೆಯಿಡುವುದನ್ನು ಮಾಡಿದಳು, ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅತ್ತಿಗೆಯ ಮಗಳು ಬಿದ್ದು ಬಿದ್ದು ನಕ್ಕಳು, ಕೋಳಿ ಕೋಳಿ, ಎಲ್ಲರೂ ಕೂಗಿದರು, ನಾಕು ಹೌದೆಂದು ತಲೆಯಾಡಿಸಿ ಚೀಟಿಯನ್ನು ಮುದುರಿ ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು, ಅಷ್ಟರಲ್ಲಿ ಅತ್ತಿಗೆಯ ಮಗ ಕಿತ್ತುಕೊಂಡ. ಕೋಳಿ ಎಲ್ಲಿದೆ ಇದ್ರಲ್ಲಿ, ಅಪ್ಪ ಬಸ್ ಓಡಿಸೋದು ಅಂತ ಇದೆ. ನನ್ನದೇ ಅಕ್ಷರ, ದುಂಡಗೆ, ಚಿಕ್ಕವರಿಗೂ ಸುಲಭವಾಗಲೆಂದು ದೊಡ್ಡದಾಗಿ ಬರೆದಿದ್ದೆ. ಮಕ್ಕಳು ಮತ್ತೂ ನಕ್ಕರು, ಅಪ್ಪ ಮೊಟ್ಟೆ ಇಡ್ತಾ ಬಸ್ ಓಡಿಸ್ತಾರೆ ಎಂದು ನನ್ನ ಅವಳಿಮಕ್ಕಳಿಬ್ಬರೂ ಕುಣಿದರು, ಅತ್ತಿಗೆ ನಗಲಿಲ್ಲ, ಗಂಡನ ಅಕ್ಕ ಆಕೆ, ಹತ್ತಾರು ವರ್ಷ ಒಂದನೇ ತರಗತಿಗೆ ಪಾಠ ಹೇಳಿದವರು, ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವೇ, ಚೀಟಿಯನ್ನು ಮಗನ ಕೈಯಿಂದ ತೆಗೆದುಕೊಂಡು ಮೆಲ್ಲಗೆ, ಬಾ ಮಗಳೇ, ಎರಡನೇ ಪದ ಯಾವ್ದು ತೋರ್ಸು, ಎಂದರು. ನಾಕು ಚೀಟಿ ನೋಡಲಿಲ್ಲ. ನನ್ನನ್ನು ನೋಡಿದಳು. ಆ ಒಂದು ಗಳಿಗೆಯಲ್ಲಿ ನನಗೆ ಎಲ್ಲ ತಿಳಿದುಹೋಯಿತು, ಹೋಗಿ ತಬ್ಬಿಕೊಳ್ಳಬೇಕಿತ್ತು, ತಬ್ಬಿಕೊಂಡು ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು ಮಗಳೇ ಎನ್ನಬೇಕಿತ್ತು, ಎಲುಬಿಲ್ಲದ ನಾಲಿಗೆ, ಏನೆಂದಿತು ನೋಡು. ಅವ್ಳಿಗೆ ಕಣ್ಣು ಸರಿ ಕಾಣಲ್ಲ ಅತ್ತಿಗೆ, ಕನ್ನಡಕ ಹಾಕಿಸ್ಬೇಕು ಅಂತಲೇ ಇದ್ದೆ.

ನಾನು ಹೇಳಿ ಮುಗಿಸುವುದಕ್ಕೂ ನಾಕು ಕಣ್ಣು ಕಿರಿದು ಮಾಡುವುದಕ್ಕೂ ಸರಿಹೋಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತಿಗೆ ತಮ್ಮ ಕನ್ನಡಕ ತೆಗೆದು ಅವಳ ಮೂಗಿಗೆ ಇಟ್ಟರು, ದಪ್ಪ ಗಾಜು, ಅದರ ಹಿಂದೆ ಅವಳ ಕಣ್ಣು ಇಷ್ಟಗಲವಾಗಿ ಕಂಡಿತು, ಚೀಟಿಯ ಮೇಲೆ ಬೆರಳಿಟ್ಟಳು, ಒಂದೊಂದು ಪದಕ್ಕೂ ಬೆರಳು ಸರಿಸುತ್ತ, ಅಪ್ಪ, ಬಸ್, ಓಡಿಸೋದು, ಎಂದಳು, ಆ ಹುಡುಗ ಆಗಲೇ ಕೂಗಿ ಹೇಳಿದ್ದನ್ನೇ. ಈಗ ಚೆನ್ನಾಗಿ ಕಾಣಿಸ್ತಿದೆ ಅತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಈ ಕೈಗಳಿಂದಲೇ, ತಟ್ಟಿ, ಪಾತ್ರೆ ಇದೆ ಎಂದು ಎದ್ದು ಬಂದೆ.

ದೊಡ್ಡವಳು ಬಂದು ಬಟ್ಟೆ ಎತ್ತಿಕೊಂಡು ತಟ್ಟೆ ಒರೆಸಲು ನಿಂತಿದ್ದಾಳೆ, ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಾಳೆ, ಇವಳಿಗೂ ಗೊತ್ತಾಗಿದೆ, ಹದಿನಾರು ವರ್ಷದವಳ ಕಣ್ಣು ತಪ್ಪಿಸುವುದು ಅತ್ತಿಗೆಯ ಕಣ್ಣು ತಪ್ಪಿಸುವುದಕ್ಕಿಂತ ಕಷ್ಟ. ಅಮ್ಮಾ, ನಾಕೂಗೆ ನೀನು ಕಲಿಸಿದ್ಯಲ್ವಾ. ನಾನು ನಲ್ಲಿ ನಿಲ್ಲಿಸಿದೆ. ನಾನಲ್ಲ, ನೀನು ಕಲಿಸಿದೀಯ ಅಂದ್ಕೊಂಡಿದ್ದೆ, ಎಂದೆ. ನಾನು ಎರಡನೇವ್ಳಿಗೆ ಕಲ್ಸಿದ್ದು, ಅವ್ಳು ಮೌನಿಗೆ ಕಲಿಸಿದ್ಲು, ಮೌನಿ ನಾಕೂಗೆ ಕಲಿಸ್ಬೇಕಿತ್ತು, ಎಂದಳು. ಹೌದು, ಹಾಗೇ ನಮ್ಮ ಮನೆಯ ಪದ್ಧತಿ, ಮೇಲಿನದು ಕೆಳಗಿನದಕ್ಕೆ, ಕೆಳಗಿನದು ಅದರ ಕೆಳಗಿನದಕ್ಕೆ, ಅದನ್ನೂ ಲೈಬ್ರರಿಯಲ್ಲಿ ಹೇಳಿದ್ದೆ, ಏಳು ಮಕ್ಕಳಿದ್ದರೆ ಆರು ಮೇಷ್ಟ್ರು ಸಿಕ್ಕ ಹಾಗೆ ಎಂದು, ಅದಕ್ಕೂ ನಕ್ಕಿದ್ದರು. ಕೊನೆಯ ಕೂಸು ಹೊಟ್ಟೆಯಲ್ಲಿದ್ದ ವರ್ಷ ಡಾಕ್ಟರು ಮಂಚ ಬಿಟ್ಟು ಇಳಿಯಬೇಡಿ ಎಂದರು, ಮೂರನೆಯವನಾದ ಮೌನಿಗೆ ಕೆಮ್ಮು ಜೋರಾಗಿ ಅವನನ್ನು ನನ್ನ ಅಣ್ಣನ ಮನೆಗೆ ಕಳಿಸಿದ್ದೆವು, ವರ್ಷ ತುಂಬಾ ಅಲ್ಲೇ ಇದ್ದ, ತಿರುಗಿ ಬಂದಾಗ ನಾಕುವಿನ ಕೈಯಲ್ಲಿ ಪುಸ್ತಕವಿತ್ತು, ಅವಳಿಗಳನ್ನು ಎರಡೂ ಮಗ್ಗುಲಲ್ಲಿ ಕೂರಿಸಿಕೊಂಡು ಕಥೆ ಓದುತ್ತಿದ್ದಳು, ಅವನಂದುಕೊಂಡ ಅಕ್ಕ ಕಲಿಸಿದ್ದಾಳೆಂದು, ಅಕ್ಕ ಅಂದುಕೊಂಡಳು ಅಮ್ಮ ಕಲಿಸಿದ್ದಾಳೆಂದು, ನಾನು ಏನೂ ಅಂದುಕೊಳ್ಳಲಿಲ್ಲ, ಅಷ್ಟು ಪುರಸೊತ್ತು ಯಾರಿಗಿತ್ತು. ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಮಲಗಿರುವಾಗ ದೊಡ್ಡವಳು ಓದಿದ್ದನ್ನು ಕೇಳಿ ಕೇಳಿ ನಾಕುವಿಗೆ ಇಡೀ ಪುಸ್ತಕ ಬಾಯಿಪಾಠ, ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು, ಅದೂ ಬಾಯಿಪಾಠ. ಹೊಸ ಪುಸ್ತಕ ಬಂದರೆ, ಆಮೇಲೆ ಮೌನಿಯಿಂದ ಅಕ್ಷರ ಕಲಿತ ಅವಳಿಗಳಿಗೆ ಕೊಡುತ್ತಿದ್ದಳಂತೆ, ನೀವೇ ಓದಿ, ಟೀಚರ್ ಕೆಲಸ ಕೇಳೋದು ಮಾತ್ರ. ದೊಡ್ಡವಳು ಇದನ್ನು ಹೇಳುತ್ತ ನಕ್ಕಳು, ನಗು ಅರ್ಧಕ್ಕೇ ನಿಂತು ತಟ್ಟೆಯ ಮೇಲೆ ಕಣ್ಣೀರು ಬಿತ್ತು, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಇಲ್ಲ, ಇವಳ ತಪ್ಪಲ್ಲ, ಇವಳೂ ಮಗುವೇ, ಮಗುವಿನ ಕೈಗೆ ಮಗು ಕೊಟ್ಟು ಅದಕ್ಕೆ ಪದ್ಧತಿ ಎಂದು ಹೆಸರಿಟ್ಟವಳು ನಾನು.

ಕೇಳಿರಲಿಲ್ಲವೇ ನಾಕು, ಕೇಳಿದ್ದಳು. ಮಂಚದ ಪಕ್ಕ ನಿಂತು, ಸೋಪಿನ ಡಬ್ಬಿಯೋ ಬಿಸ್ಕತ್ತಿನ ಪೊಟ್ಟಣವೋ ಹಿಡಿದುಕೊಂಡು, ಅಮ್ಮಾ ಇದೇನು ಇದು, ಈ ಬಾಲ ಇರೋದು, ಬೆರಳಿಟ್ಟು ತೋರಿಸಿದ್ದಳು, ನಾನು ಗೋಡೆಯ ಕಡೆ ತಿರುಗಿಕೊಂಡು ಅಕ್ಕನ್ನ ಕೇಳು ಎಂದೆ, ಅದೇ ನಮ್ಮ ಮನೆಯ ಮಂತ್ರ, ಹಾಲು ಚೆಲ್ಲಿದರೂ ಅಕ್ಕನ್ನ ಕೇಳು, ಹಲ್ಲು ಅಲ್ಲಾಡಿದರೂ ಅಕ್ಕನ್ನ ಕೇಳು. ಅಕ್ಕ ಒಲೆಯ ಮುಂದೆ, ಅಣ್ಣ ಬರಲಿ ಕೇಳು ಎಂದಿರುತ್ತಾಳೆ, ಅಣ್ಣ ಇನ್ನೊಂದು ಊರಿನಲ್ಲಿ. ಬಾಲವಿರುವ ಅಕ್ಷರವನ್ನು ಹಿಡಿದುಕೊಂಡು ಆ ಮಗು ಈ ಮನೆಯೊಳಗೆ ಎಷ್ಟು ಬಾಗಿಲು ಸುತ್ತಿತೋ. ಆಮೇಲೆ ಕೇಳುವುದನ್ನು ಬಿಟ್ಟಿತು. ಜಾಣೆಯಾಗಿದ್ದಾಳೆ, ಕಾಟವಿಲ್ಲ ಎಂದು ನಾನು ಖುಷಿಪಟ್ಟೆ. ಅತ್ತಿಗೆ ಹಿಂದೊಮ್ಮೆ ಕೈ ಹಿಡಿದುಕೊಂಡು ಕೇಳಿದ್ದರು, ಒಂದೆರಡು ಮಕ್ಕಳನ್ನಾದ್ರೂ ಶಾಲೆಗೆ ಹಾಕು, ನಿಂಗೂ ಉಸಿರಾಡೋಕೆ ಆಗತ್ತೆ. ನಾನು ಎಲ್ಲರೆದುರಿಗೆ, ನಿಮ್ಮ ಕ್ಲಾಸಲ್ಲಿ ಐವತ್ತು ಮಕ್ಕಳಲ್ಲಿ ಒಂದು ಕೂತಲ್ಲೇ ಕಳೆದುಹೋದ್ರೆ ನಿಮಗೆ ಗೊತ್ತಾಗತ್ತಾ ಅತ್ತಿಗೆ ಎಂದಿದ್ದೆ, ಆಕೆ ಕೈ ಬಿಟ್ಟಿದ್ದರು. ಐವತ್ತೂ ಬೇಡ, ಏಳು. ದೀಪದ ಬುಡದಲ್ಲೇ ಕತ್ತಲೆ, ಅದೂ ನಾನೇ ಹಚ್ಚಿ ಊರಿಗೆಲ್ಲ ತೋರಿಸಿದ ದೀಪ.

ಚಪ್ಪಲಿಯ ಸದ್ದು, ಅತ್ತಿಗೆಯೇ, ಕೈಯಲ್ಲಿ ಫೋನು, ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದುಕೊಂಡಿದ್ದಾರೆ, ದೊಡ್ಡವಳು ಹಿಂದಿನ ಬಾಗಿಲಿನಿಂದ ಮೆಲ್ಲಗೆ ಜಾರಿಕೊಂಡಳು. ಗುರುತಿನ ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿದರಂತೆ, ರಜೆಯಾದರೂ ನಾಳೆ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತಾರಂತೆ, ತಾವೇ ಕರೆದುಕೊಂಡು ಹೋಗುತ್ತಾರಂತೆ, ನಿನಗೆ ಇಷ್ಟು ಕೆಲಸ, ಪಾಪ, ಎಂದರು. ಚುಚ್ಚಿ ಮಾತಾಡಿದ್ದರೆ ನಾನೂ ಎರಡು ಮಾತು ಎಸೆದು ಹಗುರಾಗುತ್ತಿದ್ದೆ, ಈ ಪಾಪ ಅನ್ನುವುದನ್ನು ಹೇಗೆ ತಡೆಯಲಿ. ಆಮೇಲೆ ಫೋನು ಕೆಳಗಿಳಿಸಿ ಕೇಳಿದರು. ಕಣ್ಣು ಒಂದೇನಾ, ಬೇರೆ ಏನಾದ್ರೂ ಇದ್ರೂ ಹೇಳು, ನಾನು ಹೊರಗಿನವ್ಳಲ್ಲ. ಬಾಗಿಲು ತೆರೆದು ಹಿಡಿದಿದ್ದರು, ನಾನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನಾನು ನೊರೆಯನ್ನೇ ನೋಡುತ್ತ, ಇನ್ನೇನಿಲ್ಲ ಅತ್ತಿಗೆ, ಕಣ್ಣೊಂದೇ, ಎಂದೆ. ಎರಡನೇ ಸಲ. ಮೊದಲನೆಯದು ಬಾಯಿ ತಪ್ಪಿ ಬಂದದ್ದು, ಇದು ಯೋಚನೆ ಮಾಡಿ ಹೇಳಿದ್ದು. ಆಕೆ ನನ್ನ ಬೆನ್ನು ಸವರಿ ಹೋದರು.

ನಾಳೆ ಡಾಕ್ಟರು ಗೋಡೆಯ ಹಲಗೆ ತೋರಿಸುತ್ತಾರೆ, ಮೇಲಿನ ಸಾಲು, ಎಲ್ಲಕ್ಕಿಂತ ದೊಡ್ಡ ಅಕ್ಷರ, ಅದೇನು ಮಗು, ಇವಳು ಕಾಣಿಸ್ತಿಲ್ಲ ಅನ್ನುತ್ತಾಳೆ, ಗಾಜು ಬದಲಿಸುತ್ತಾರೆ, ಈಗ, ಕಾಣಿಸ್ತಿಲ್ಲ, ಇನ್ನೊಂದು ಗಾಜು, ಮತ್ತೊಂದು ಗಾಜು, ಯಾವ ಅಂಗಡಿಯಲ್ಲಿ ಸಿಗುತ್ತದೆ ಆ ಗಾಜು, ಪಕ್ಕದಲ್ಲಿ ಅತ್ತಿಗೆ ಕೂತಿರುತ್ತಾರೆ, ಕತ್ತಲೆ ಕೋಣೆ, ಆ ಎತ್ತರದ ಕುರ್ಚಿಯಲ್ಲಿ ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ, ಆದರೂ ನನ್ನನ್ನು ಬಿಟ್ಟುಕೊಡುವುದಿಲ್ಲ ಅವಳು, ಗೊತ್ತು ನನಗೆ — ಈಗಲೇ ಹೋಗಿ ಹೇಳಬೇಕು, ಕೈ ಒರೆಸಿಕೊಂಡು ಹಜಾರಕ್ಕೆ ಹೋಗಿ, ಅತ್ತಿಗೆ, ಕಣ್ಣಲ್ಲ, ನಾನು, ಎಂದು ಬಿಟ್ಟರೆ ಮುಗಿಯಿತು, ಮೂರೇ ಮಾತು, ಅವರ ಮಕ್ಕಳು ಕೇಳಲಿ, ನನ್ನ ಮಕ್ಕಳು ಕೇಳಲಿ, ಹೋಗುತ್ತೇನೆ, ಇದೊಂದು ಬಾಣಲೆ ಮುಗಿಸಿ ಹೋಗುತ್ತೇನೆ, ತಳ ಹಿಡಿದಿದೆ, ನೆನೆಯಲಿ ಬಿಡು, ಹೋಗುತ್ತೇನೆ.

ಬಾಗಿಲಿನಲ್ಲಿ ನಾಕು. ಕನ್ನಡಕ ಇನ್ನೂ ಮೂಗಿನ ಮೇಲೆ, ನಾಳೆವರೆಗೂ ನೀನೇ ಇಟ್ಕೋ ಎಂದರಂತೆ ಅತ್ತಿಗೆ, ನೆಲ ಎಲ್ಲಿದೆಯೆಂದು ತಿಳಿಯದೆ ಕಾಲಿನಿಂದ ತಡವುತ್ತ, ಒಂದು ಕೈ ಗೋಡೆಗೆ ಕೊಟ್ಟು, ಬಂದಳು, ನನ್ನ ಸೆರಗಿನ ಹತ್ತಿರ ನಿಂತಳು. ತೆಗಿ ಅದನ್ನ, ತಲೆ ನೋಯತ್ತೆ. ತೆಗೆಯಲಿಲ್ಲ, ಹಜಾರದ ಕಡೆ ಒಮ್ಮೆ ತಿರುಗಿ ನೋಡಿ, ಅತ್ತೆ ನೋಡಿದ್ರೆ, ಎಂದಳು. ನಾನು ಬಗ್ಗಿದೆ, ಏನೋ ಹೇಳಬೇಕೆಂದು ಬಾಯಿ ತೆರೆದೆ, ಅವಳೇ ನನ್ನ ಕಿವಿಗೆ ಬಾಯಿಟ್ಟು, ಯಾರಿಗೂ ಕೇಳಬಾರದೆಂದು ಉಸಿರಿನಲ್ಲೇ — ಅಮ್ಮಾ, ನಾಳೆ ಡಾಕ್ಟರ್ ಕೇಳಿದ್ರೆ ಏನು ಹೇಳ್ಬೇಕು, ನೀನೇ ಹೇಳ್ಕೊಡು, ಒಂದೇ ಸಲಕ್ಕೆ ಕಲ್ತ್ಕೋತೀನಿ. ಹೇಳಿ ಹಿಂದೆ ಸರಿದು ನಿಂತಳು, ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವವರ ಹಾಗೆ ನೆಟ್ಟಗೆ, ದಪ್ಪ ಗಾಜಿನ ಹಿಂದೆ ಆ ಎರಡು ಕಣ್ಣು, ಇಷ್ಟಗಲ, ನನ್ನ ಬಾಯಿಯನ್ನೇ ನೋಡುತ್ತ, ಆ ಎರಡು ಕಣ್ಣು